ಮೊಹರಪ್ಪ ಓದದೆ ಹಾಕಿದ ಸಹಿ

ಅವತ್ತು ಬೆಳಿಗ್ಗೆ ಪೆನ್ನಿನ ಇಂಕು ಮುಗಿಯದೇ ಇದ್ದಿದ್ದರೆ ಮೊಹರಪ್ಪನ ಸಂಸಾರವೂ ಊರಿನ ಶಿಕ್ಷಣವೂ ಎಂದಿನ ಹಾಗೆ ತಮ್ಮ ಪಾಡಿಗೆ ತಾವು ನಡೆದುಕೊಂಡು ಹೋಗುತ್ತಿದ್ದವು.

ಮೊಹರಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಊರಿನ ಆಡಳಿತ ಕಚೇರಿಯ ನೆಲಮಹಡಿಯಲ್ಲಿ, ಟಪಾಲು ಕಿಟಕಿಯ ಹಿಂದೆ ಹದಿನಾರು ವರ್ಷ ಕೂತು, ಬಂದ ಕಾಗದಕ್ಕೆಲ್ಲ ಮೊಹರು ಒತ್ತಿ ಒತ್ತಿ ತಾನೇ ಸಂಪಾದಿಸಿಕೊಂಡ ಹೆಸರು. ಯಾವ ಕಾಗದವೇ ಬರಲಿ, ಮೇಲಿನ ಬಲಮೂಲೆಗೆ ‘ಸ್ವೀಕರಿಸಲಾಗಿದೆ’ ಎಂಬ ಮೊಹರು, ಅದರೊಳಗೆ ನಂಬರು, ತಾರೀಖು, ಕೆಳಗೆ ಮೀನು ಬಾಲ ಬಡಿದಂಥ ಒಂದು ಸಹಿ. ತಂದವರ ಕೈಲಿದ್ದ ನಕಲಿಗೂ ಅದೇ ಉಪಚಾರ. ಆಮೇಲೆ ಗೋಡೆಗೆ ಹೊಡೆದ ಮರದ ಗೂಡಿಗೆ ಹಾಕಿದರೆ ಅವನ ಪಾಲಿಗೆ ಆ ಕಾಗದದ ಋಣ ತೀರಿತು. ಗೂಡುಗಳು ಒಟ್ಟು ಆರು: ನೀರು, ರಸ್ತೆ, ಬೀದಿದೀಪ, ಕಸ, ಆರೋಗ್ಯ, ಶಾಲೆ. ಆಯಾ ವಿಭಾಗದವರು ಬಂದು ತಮ್ಮ ಗೂಡಿನದನ್ನು ಒಯ್ಯಬೇಕು. ಒಳಗೆ ಏನು ಬರೆದಿದೆ ಎಂದು ಅವನು ನೋಡಿದವನಲ್ಲ. “ಓದೋದು ಮೇಲಿನವರ ಕೆಲಸ, ಒತ್ತೋದು ನನ್ನ ಕೆಲಸ” ಎನ್ನುತ್ತಿದ್ದ.

ಈ ವಿದ್ಯೆ ಕಚೇರಿಯಲ್ಲೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಮನೆಗೂ ಬಂದಿತ್ತು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಬೆಳಿಗ್ಗೆ ಆರಕ್ಕೆ ಮನೆ ಬಿಡುವವಳು. ಹಾಗಾಗಿ ಮಗಳ ಓದನ್ನು ಗಂಡ ಹೆಂಡತಿ ಹಂಚಿಕೊಂಡಿದ್ದರು. ಭಾಷೆ, ವಿಜ್ಞಾನ ಅವಳದು. ಲೆಕ್ಕ ಮತ್ತು ಶಾಲೆಯ ಡೈರಿ ಇವನದು. ದಿನಾ ಬೆಳಿಗ್ಗೆ ಪುಟ್ಟಿ ಡೈರಿ ಚಾಚುತ್ತಿದ್ದಳು, ಮೊಹರಪ್ಪ ಬಾಯಲ್ಲಿ ತಿಂಡಿ ಇಟ್ಟುಕೊಂಡೇ ಮೀನಿನ ಬಾಲ ಬಡಿಯುತ್ತಿದ್ದ. ಒಮ್ಮೆ ಹೆಂಡತಿ ಅಂಗಡಿ ಸಾಮಾನಿನ ಚೀಟಿ ಕೊಟ್ಟಾಗಲೂ ಕೆಳಗೆ ಸಹಿ ಮಾಡಿ ವಾಪಸು ಕೊಟ್ಟು ಬೈಸಿಕೊಂಡಿದ್ದ.

ಅವತ್ತೂ ಪುಟ್ಟಿ ಡೈರಿ ಚಾಚಿದಳು. ಮೊಹರಪ್ಪ ಪೆನ್ನು ಊರಿದ. ಮೀನಿನ ತಲೆ ಮೂಡಿತು, ಬಾಲ ಮೂಡಲಿಲ್ಲ. ಪೆನ್ನು ಕೊಡವಿದ, ಉಜ್ಜಿದ, ತುದಿಗೆ ಉಸಿರೂದಿದ. ಪುಟ್ಟಿ ಬೇರೆ ಪೆನ್ನು ಹುಡುಕಲು ಒಳಗೆ ಹೋದಳು. ಮಾಡಲು ಬೇರೇನೂ ಕೆಲಸವಿಲ್ಲದೆ ಅವನ ಕಣ್ಣು ಹಾಳೆಯ ಮೇಲೆ ಬಿತ್ತು. ಹದಿನಾರು ವರ್ಷದಲ್ಲಿ ಮೊದಲ ಸಲ ಅವನು ತಾನು ಸಹಿ ಹಾಕುವ ಕಾಗದವನ್ನು ಓದಿದ.

‘ಗಣಿತ: ಇಪ್ಪತ್ತೈದಕ್ಕೆ ಮೂರು. ಇನ್ನೆರಡು ತಿಂಗಳಲ್ಲಿ ವಾರ್ಷಿಕ ಪರೀಕ್ಷೆ. ಹೀಗೇ ಆದರೆ ಮಗು ಮತ್ತೆ ಐದನೇ ತರಗತಿಯಲ್ಲೇ ಕೂರಬೇಕಾಗುತ್ತದೆ. ದಯವಿಟ್ಟು ಬಂದು ಕಾಣಿ.’

ಮೊಹರಪ್ಪನ ಗಂಟಲಲ್ಲಿ ತಿಂಡಿ ಸಿಕ್ಕಿಕೊಂಡಿತು. ಹಿಂದಿನ ಹಾಳೆ ತಿರುವಿದ. ‘ಭಿನ್ನರಾಶಿ ಅರ್ಥವಾಗುತ್ತಿಲ್ಲ, ಮನೆಯಲ್ಲಿ ಗಮನಿಸಿ.’ ಕೆಳಗೆ ಮೀನು. ಅದರ ಹಿಂದೆ, ‘ಪೋಷಕರ ಸಭೆಗೆ ತಾವು ಬರಲಿಲ್ಲ.’ ಕೆಳಗೆ ಮೀನು. ಡೈರಿಯ ತುಂಬ ಮೀನುಗಳೇ ಈಜಾಡುತ್ತಿದ್ದವು.

ಪುಟ್ಟಿ ಪೆನ್ನು ತಂದಳು. ಅಪ್ಪ ಓದುತ್ತಿರುವುದನ್ನು ನೋಡಿ ಬಾಗಿಲಲ್ಲೇ ನಿಂತಳು.

“ಇದೇನು ಪುಟ್ಟಿ, ಮೂರು?”

“ಲೆಕ್ಕಕ್ಕೆ ಟೀಚರೇ ಇಲ್ವಲ್ಲಪ್ಪ. ಎಂಟು ತಿಂಗಳಾಯ್ತು. ಹೆಡ್‌ಮಿಸ್ಸು ಬಿಡುವಾದಾಗ ಬಂದು ಹೇಳಿಕೊಡ್ತಾರೆ. ಅವರಿಗೆ ಬಿಡುವೇ ಆಗಲ್ಲ.”

“ಎಂಟು ತಿಂಗಳಾ? ನನಗ್ಯಾಕೆ ಹೇಳಲಿಲ್ಲ?”

“ಡೈರೀಲಿ ಬರೆದಿದ್ರಲ್ಲ. ನೀನು ಸಹಿ ಹಾಕಿದ್ಯಲ್ಲ. ಓದಿರ್ತೀಯ ಅಂದ್ಕೊಂಡೆ.”

ಉತ್ತರ ಹೊಳೆಯದಿದ್ದಾಗ ಗಂಡಸರು ಮಾಡುವುದನ್ನೇ ಮೊಹರಪ್ಪನೂ ಮಾಡಿದ, ಸಿಟ್ಟು ಮಾಡಿಕೊಂಡ. ಅವಳ ಚೀಲದಿಂದ ಲೆಕ್ಕದ ಉತ್ತರಪತ್ರಿಕೆ ಕಿತ್ತುಕೊಂಡು ನೋಡಿದ. ಅರ್ಧಕ್ಕೆ ಮೂರನೇ ಒಂದು ಕೂಡಿಸಿದರೆ ಐದನೇ ಎರಡು ಎಂದು ಪುಟ್ಟಿ ಬರೆದಿದ್ದಳು, ಪಕ್ಕದಲ್ಲಿ ಕೆಂಪು ಗೆರೆ ಬಿದ್ದಿತ್ತು. ಮೇಲಿನ ಒಂದಕ್ಕೆ ಒಂದು ಎರಡು, ಕೆಳಗಿನ ಎರಡಕ್ಕೆ ಮೂರು ಐದು. ಮೊಹರಪ್ಪನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಆ ವಿಷಯವನ್ನು ಅವನು ಹೊರಗೆ ಹೇಳಲಿಲ್ಲ.

“ನಡಿ ಶಾಲೆಗೆ. ಇವತ್ತು ಕೇಳೇಬಿಡ್ತೀನಿ” ಎಂದು ಗಟ್ಟಿಯಾಗಿ ಹೇಳಿದ. ಅದೇ ತಪ್ಪಾಯಿತು. ಮೆಟ್ಟಿಲ ಮೇಲಿಂದ ಟಿಕೆಟ್ ತಾತ ಇಳಿದು ಬಂದರು.

ಟಿಕೆಟ್ ತಾತ ಮೇಲಿನ ಮನೆಯವರು. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ನೌಕರಿ ಹೋಗಿದ್ದರೂ ಕೈ ಚಾಚುವ ಚಟ ಹೋಗಿರಲಿಲ್ಲ. ಯಾರ ಕೈಲಿ ಯಾವ ಕಾಗದ ಕಂಡರೂ “ತೋರಿಸಿ” ಎನ್ನುತ್ತಿದ್ದರು.

“ತೋರಿಸಿ” ಎಂದು ಡೈರಿ ತೆಗೆದುಕೊಂಡು, ಕನ್ನಡಕ ಏರಿಸಿ ಓದಿ, “ಎಂಟು ತಿಂಗಳು ಮೇಷ್ಟ್ರಿಲ್ಲ ಅಂದ್ರೆ ಎಂಜಿನ್ ಇಲ್ಲದ ರೈಲು ಇದು. ಇದರ ಹಿಂದೆ ಒಬ್ಬ ಇರ್ತಾನೆ. ಎಲ್ಲ ತಪ್ಪಿನ ಹಿಂದೆ ಒಬ್ಬ ಮನುಷ್ಯ ಇದ್ದೇ ಇರ್ತಾನೆ. ಅವನನ್ನ ಹಿಡೀಬೇಕು. ನಾನೂ ಬರ್ತೀನಿ” ಎಂದರು.

ಎದುರುಮನೆ ಅಕ್ಕ ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಂದಾಗಿತ್ತು. “ನಾನು ಮೊದಲೇ ಹೇಳಿದ್ದೆ. ನಮ್ಮ ಹುಡುಗನ ಶಾಲೆ ನೋಡಿ, ಲೆಕ್ಕಕ್ಕೇ ನಾಲ್ಕು ಜನ ಟೀಚರು. ಈಜುಕೊಳ ಇದೆ. ಮಗು ಬಗ್ಗೆ ಕಾಳಜಿ ಇರೋರು ಅಂಥ ಕಡೆ ಹಾಕ್ತಾರೆ.”

“ನಿಮ್ಮನೆ ಅಣ್ಣನಿಗೂ ಲೆಕ್ಕದಲ್ಲಿ ನಾಲ್ಕೇ ಬಂದಿದೆ ಅಂದ” ಎಂದಳು ಪುಟ್ಟಿ. “ಅಮ್ಮ ಕೇಳೋದೇ ಇಲ್ಲ, ಫೀಸು ಕಟ್ಟಿದೀವಿ ಅಂತ ಆರಾಮಾಗಿದಾರೆ ಅಂದ.”

ಅಕ್ಕ ಸೆರಗು ಸರಿಮಾಡಿಕೊಂಡು, ಹೊತ್ತಾಯಿತು ನಡೆಯಿರಿ ಎಂದರು.

ಹೀಗೆ ಒಬ್ಬನೇ ಹೋಗಬೇಕಾದ ಕಡೆ ನಾಲ್ಕು ಜನ ಹೊರಟರು. ದಾರಿಯುದ್ದಕ್ಕೂ ತಾತ ಮೊಹರಪ್ಪನಿಗೆ ಮಾತು ಕಲಿಸಿದರು. “ದನಿ ಏರಿಸಬೇಡಿ. ಒಂದೇ ಒಂದು ಪ್ರಶ್ನೆ ಕೇಳಿ: ಇದಕ್ಕೆ ಹೊಣೆ ಯಾರು? ಹೆಸರು ಬರೆದುಕೊಡಿ ಅನ್ನಿ. ಹೆಸರು ಸಿಗೋವರೆಗೆ ಕುರ್ಚಿ ಬಿಟ್ಟು ಏಳಬೇಡಿ.” ಮೊಹರಪ್ಪ ಬಾಯಿಪಾಠ ಮಾಡಿಕೊಂಡ. ಎರಡನೇ ತಿರುವು ದಾಟುವ ಹೊತ್ತಿಗೆ, ಆ ಹೊಣೆಗಾರ ಕೈಗೆ ಸಿಕ್ಕರೆ ಕತ್ತಿನ ಪಟ್ಟಿ ಹಿಡಿಯಬೇಕು ಎನ್ನುವಷ್ಟು ಆವೇಶ ಅವನಿಗೆ ಬಂದುಬಿಟ್ಟಿತ್ತು.

ಶಾಲೆ ಅವನು ಅಂದುಕೊಂಡಷ್ಟು ಕೆಟ್ಟದಾಗಿರಲಿಲ್ಲ. ನಾಲ್ಕು ಕೋಣೆ, ಏಳು ತರಗತಿ. ಗುಡಿಸಿದ ಅಂಗಳ, ನೀರು ಬರುವ ನಲ್ಲಿ, ಗೋಡೆಯ ಮೇಲೆ ಮಕ್ಕಳೇ ಬರೆದ ಚಿತ್ರಗಳು. ಮುಖ್ಯೋಪಾಧ್ಯಾಯಿನಿ ಒಂದು ಕೋಣೆಯ ಬಾಗಿಲಲ್ಲಿ ನಿಂತು ಎಡಗಡೆಯ ತರಗತಿಗೆ ಉಕ್ತಲೇಖನ ಹೇಳುತ್ತ, ಬಲಗಡೆಯ ತರಗತಿಯ ಗಲಾಟೆಯನ್ನು ಕಣ್ಣಲ್ಲೇ ಅಡಗಿಸುತ್ತಿದ್ದರು. ಕೈಯಲ್ಲಿ ಹರಿದ ಭೂಪಟವೊಂದಿತ್ತು, ನಡುನಡುವೆ ಅದಕ್ಕೆ ಅಂಟು ಹಚ್ಚುತ್ತಿದ್ದರು. ಬಿಡುವಾಗುವುದಿಲ್ಲ ಎಂದರೆ ಏನೆಂದು ಮೊಹರಪ್ಪನಿಗೆ ಆಗ ಅರ್ಥವಾಯಿತು. ಆದರೂ ಬಾಯಿಪಾಠ ಮಾಡಿದ್ದು ವ್ಯರ್ಥವಾಗಬಾರದಲ್ಲ. ಆಫೀಸು ಕೋಣೆಯಲ್ಲಿ ಕೂತ ಕೂಡಲೇ ಕೇಳಿದ.

“ಎಂಟು ತಿಂಗಳಿಂದ ಲೆಕ್ಕಕ್ಕೆ ಟೀಚರಿಲ್ಲ. ಇದಕ್ಕೆ ಹೊಣೆ ಯಾರು ಮೇಡಂ? ಹೆಸರು ಬರೆದುಕೊಡಿ.”

“ಕೇಳೋದಕ್ಕೆ ಯಾರಾದರೂ ಬಂದ್ರಲ್ಲ, ನನಗೆ ಅದೇ ಸಂತೋಷ” ಎಂದರು ಅವರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. “ಟೀಚರು ಬೇಕು ಅಂತ ನಾನು ಬರೀತಾನೇ ಇದೀನಿ. ಏಳು ಕಾಗದ ಬರೆದೆ. ನಾನೇ ಹೋಗಿ ಕೊಡೋಣ ಅಂದ್ರೆ ತರಗತಿ ಬಿಡೋ ಹಾಗಿಲ್ಲ, ಅಡುಗೆಯವಳ ಕೈಲಿ ಕಳಿಸ್ತಿದ್ದೆ. ಒಂದಕ್ಕೂ ಉತ್ತರ ಇಲ್ಲ. ಮುಟ್ಟಿರೋದಂತೂ ಹೌದು, ಗುರುತು ಇದೆ ನೋಡಿ.”

ಅವರು ಕಪಾಟಿನಿಂದ ಒಂದು ಫೈಲು ತೆಗೆದು ಮೇಜಿನ ಮೇಲಿಟ್ಟರು.

ಮೇಲಿನ ಕಾಗದದ ಬಲಮೂಲೆಯಲ್ಲಿ ನೇರಳೆ ಬಣ್ಣದ ಮೊಹರಿತ್ತು. ‘ಸ್ವೀಕರಿಸಲಾಗಿದೆ.’ ಒಳಗೆ ನಂಬರು, ತಾರೀಖು. ಕೆಳಗೆ, ಬಾಲ ಬಡಿಯುತ್ತಿರುವ ಒಂದು ಮೀನು.

ಮೊಹರಪ್ಪ ಫೈಲನ್ನು ತನ್ನ ಕಡೆಗೆ ಎಳೆದುಕೊಂಡ. ಇನ್ನೊಂದು ಕಾಗದ ತಿರುವಿದ. ಮೀನು. ಮತ್ತೊಂದು. ಮೀನು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಹಾಗೆ ಅವನು ಬೆಳಗಿನಿಂದ ಹಿಡಿಯಲು ಹೊರಟಿದ್ದ ಮನುಷ್ಯ ಅವನ ಅಂಗಿಯೊಳಗೇ ಇದ್ದ.

“ತೋರಿಸಿ” ಎಂದರು ತಾತ. ಫೈಲು ಅವರ ಕೈಗೆ ಹೋಯಿತು. “ಆಹಾ. ಏಳಕ್ಕೆ ಏಳೂ ಒಬ್ಬನದೇ ಸಹಿ. ಯಾವನೋ ಗಟ್ಟಿಗ ಇರಬೇಕು. ಏಳು ಕಾಗದ ನುಂಗಿ ನೀರು ಕುಡಿದಿದಾನೆ. ಸಹಿ ನೋಡಿದ್ರೇ ಗೊತ್ತಾಗುತ್ತೆ, ಶುದ್ಧ ಸೋಮಾರಿ.”

“ಅಷ್ಟೇನೂ ಸೋಮಾರಿ ಅಲ್ಲ ಅನ್ಸುತ್ತೆ” ಎಂದ ಮೊಹರಪ್ಪ ಸಣ್ಣ ದನಿಯಲ್ಲಿ. “ತಾರೀಖು ಎಲ್ಲ ಸರಿಯಾಗಿ ಹಾಕಿದಾನೆ.”

“ಅಂಥವರಿಗೆ ಮಕ್ಕಳುಮರಿ ಇರಲ್ವಾ ಅಂತ” ಎಂದರು ಎದುರುಮನೆ ಅಕ್ಕ.

ಪುಟ್ಟಿ ತಾತನ ಮೊಣಕೈ ಪಕ್ಕದಲ್ಲಿ ನಿಂತು ಫೈಲನ್ನೇ ನೋಡುತ್ತಿದ್ದಳು. ದಿನಾ ಬೆಳಿಗ್ಗೆ ಡೈರಿಯಲ್ಲಿ ನೋಡುವ ಮೀನು ಅವಳಿಗೆ ಗೊತ್ತಿಲ್ಲದ್ದೇನಲ್ಲ. ತಲೆಯೆತ್ತಿ ಅಪ್ಪನ ಮುಖ ನೋಡಿದಳು. ಮೊಹರಪ್ಪನಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನಿಸಿತು. ಆದರೆ ಪುಟ್ಟಿ ಡೈರಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿ, ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದುಕೊಂಡಳು. ಬೈದಿದ್ದರೂ ಅವನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ತಾತನಿಗೆ ಏನೋ ಹೊಳೆಯಿತು. “ಅರೆ, ನೀವು ಅದೇ ಕಚೇರಿಯಲ್ಲಿ ಇರೋದಲ್ವಾ? ಮತ್ತೆ ಕಷ್ಟ ಏನು? ಆ ಮನುಷ್ಯನ್ನ ಇವತ್ತೇ ಹಿಡೀರಿ. ಸಂಜೆ ನನಗೆ ವರದಿ ಬೇಕು.”

“ಹಿಡೀತೀನಿ” ಎಂದ ಮೊಹರಪ್ಪ.

ಮುಖ್ಯೋಪಾಧ್ಯಾಯಿನಿ ಪುಟ್ಟಿಯ ಬೆನ್ನ ಹಿಂದಿನ ಡೈರಿಯನ್ನೊಮ್ಮೆ, ಮೊಹರಪ್ಪನ ಹಣೆಯ ಬೆವರನ್ನೊಮ್ಮೆ ನೋಡಿದರು. ಹೊರಡುವಾಗ ಬಾಗಿಲವರೆಗೆ ಬಂದರು. “ಆ ಮನುಷ್ಯ ಸಿಕ್ಕಿದ್ರೆ ಬೈಬೇಡಿ. ಇಲ್ಲಿಗೆ ಕಳಿಸಿಕೊಡಿ. ಶಾಲೆ ಒಂದೇ ಎಷ್ಟು ಅಂತ ಮಾಡುತ್ತೆ? ಮನೆಯವರೂ ಕೈ ಜೋಡಿಸಿದ್ರೆ ತಾನೇ ಚಪ್ಪಾಳೆ.”

ಕಚೇರಿಗೆ ಬಂದವನೇ ಮೊಹರಪ್ಪ ಗೂಡುಗಳ ಮುಂದೆ ನಿಂತ. ನೀರಿನ ಗೂಡು ಖಾಲಿ, ರಸ್ತೆಯ ಗೂಡಲ್ಲಿ ನಾಲ್ಕು ಕಾಗದ. ಶಾಲೆಯ ಗೂಡು ಮಾತ್ರ ತುಂಬಿ, ಅಂಚಿನಲ್ಲಿ ಕಾಗದದ ಕಿವಿಗಳು ಹೊರಗೆ ಇಣುಕುತ್ತಿದ್ದವು. ಅದು ಸುಮಾರು ದಿನದಿಂದ ಹಾಗೇ ಇತ್ತು. ಹೊಸ ಕಾಗದ ಬಂದಾಗ ಮೊಹರಪ್ಪ ಅಂಗೈಯಲ್ಲಿ ಒತ್ತಿ ಜಾಗ ಮಾಡುತ್ತಿದ್ದ. ಯಾಕೆ ತುಂಬಿದೆ ಎಂದು ಕೇಳುವುದು ಒತ್ತುವವನ ಕೆಲಸವಲ್ಲವಲ್ಲ.

ಇವತ್ತು ಕೇಳಿದ. ಜವಾನ ಆಕಳಿಸುತ್ತ ಹೇಳಿದ. “ಶಾಲಾ ವಿಭಾಗ ಮೂರನೇ ಮಹಡಿಗೆ ಹೋಗಿ ವರ್ಷ ಆಯ್ತಲ್ಲ ಸಾರ್. ಗೂಡು ಇಲ್ಲೇ ಉಳಿದುಬಿಡ್ತು. ಅವರಿಗೆ ಕಾಗದ ಇಲ್ಲಿ ಬರ್ತಾ ಇರೋದೇ ಗೊತ್ತಿಲ್ಲ ಅನ್ಸುತ್ತೆ. ನೀವೇ ಸಹಿ ಹಾಕಿದ್ರಲ್ಲ, ಆ ಸುತ್ತೋಲೆಗೆ.”

ಮೊಹರಪ್ಪ ಕಾಗದಗಳನ್ನೆಲ್ಲ ಎಳೆದು ಎರಡು ತೋಳಲ್ಲಿ ತಬ್ಬಿಕೊಂಡು ಮೂರು ಮಹಡಿ ಹತ್ತಿದ. ಗಲ್ಲದವರೆಗೆ ಕಾಗದ. ಮೇಲಿನದು ಕಣ್ಣಿಗೆ ಅಷ್ಟು ಹತ್ತಿರವಿದ್ದುದರಿಂದ ಓದದೆ ವಿಧಿಯಿರಲಿಲ್ಲ. ಯಾವುದೋ ಶಾಲೆಯವರು ಕಪ್ಪುಹಲಗೆ ಕೇಳಿದ್ದರು.

ಶಾಲಾ ವಿಭಾಗದ ಸಾಹೇಬರು ಒಳ್ಳೆಯವರು. ಅವರ ತಲೆಯ ಮೇಲೆ ಗೋಡೆಯಲ್ಲಿ ಕಟ್ಟು ಹಾಕಿಸಿದ ಪ್ರಶಂಸಾಪತ್ರವೊಂದು ತೂಗುತ್ತಿತ್ತು. ‘ಇಡೀ ವರ್ಷ ಒಂದೂ ದೂರು ಬಾರದಂತೆ ವಿಭಾಗ ನಡೆಸಿದ್ದಕ್ಕಾಗಿ’ ಎಂದು ಅದರಲ್ಲಿ ಬರೆದಿತ್ತು. ಮೊಹರಪ್ಪ ಅದನ್ನೂ ಓದಿದ. ಆಮೇಲೆ ಕಾಗದದ ಹೊರೆಯನ್ನು ಮೇಜಿನ ಮೇಲಿಳಿಸಿ, ತಪ್ಪು ನನ್ನದೇ ಸಾರ್ ಎಂದು ನಡೆದದ್ದನ್ನೆಲ್ಲ ಹೇಳಿದ. ಮಗಳ ಮೂರು ಅಂಕದ ವಿಷಯವನ್ನೂ ಬಿಡಲಿಲ್ಲ.

ಸಾಹೇಬರು ಒಂದೊಂದೇ ಕಾಗದ ಓದುತ್ತ ಹೋದಂತೆ ಮುಖ ಬಿಳಿಚಿಕೊಂಡಿತು. ಕುರ್ಚಿಯಿಂದ ಎದ್ದು, ಪ್ರಶಂಸಾಪತ್ರವನ್ನು ಮೊಳೆಯಿಂದ ತೆಗೆದು, ಬೋರಲಾಗಿಸಿ ಕಪಾಟಿನ ಮೇಲಿಟ್ಟರು.

“ಕಾಯಂ ಟೀಚರು ಬರೋಕೆ ಇನ್ನೂ ನಾಲ್ಕು ತಿಂಗಳಾದರೂ ಬೇಕು. ಅಷ್ಟರಲ್ಲಿ ಪರೀಕ್ಷೆ ಮುಗಿದೇ ಹೋಗುತ್ತೆ” ಎಂದು ಮೊಹರಪ್ಪನನ್ನು ಮೇಲಿಂದ ಕೆಳಗೆ ನೋಡಿದರು. “ನಿಮಗೆ ಲೆಕ್ಕ ಹೇಗೆ?”

ಮೊಹರಪ್ಪನ ಅಭಿಮಾನಕ್ಕೆ ಅವತ್ತು ಸಾಕಷ್ಟು ಪೆಟ್ಟು ಬಿದ್ದಿತ್ತು. ಒಂದಿಷ್ಟಾದರೂ ಉಳಿಸಿಕೊಳ್ಳೋಣ ಎಂದು, “ಹದಿನಾರು ವರ್ಷದಿಂದ ನಂಬರು ಹಾಕ್ತಿದೀನಿ ಸಾರ್. ಒಂದು ನಂಬರೂ ತಪ್ಪಿಲ್ಲ” ಎಂದ.

“ಸಂತೋಷ. ಸಂಜೆಯೊಳಗೆ ಆದೇಶ ಶಾಲೆಗೆ ಮುಟ್ಟುತ್ತೆ. ನೀವು ಹೋಗಿ” ಎಂದರು ಸಾಹೇಬರು.

ಎದೆಯ ಭಾರ ಇಳಿಸಿಕೊಂಡು ಮೊಹರಪ್ಪ ಕಿಟಕಿಗೆ ಬಂದು ಕೂತ. ಇನ್ನು ಮೇಲೆ ಒಂದು ಕಾಗದವನ್ನೂ ಓದದೆ ಒತ್ತುವುದಿಲ್ಲ ಎಂದು ಮೊಹರಿನ ಮೇಲೆ ಕೈಯಿಟ್ಟು ಆಣೆ ಮಾಡಿದ. ಮೊದಲ ಅರ್ಜಿಯನ್ನು ಎರಡು ಸಲ ಓದಿದ. ಎರಡನೆಯದರಲ್ಲಿ ನಲ್ಲಿಯ ಅಳತೆ ಬರೆದಿಲ್ಲ ಎಂದು ತಂದವಳಿಗೆ ತೋರಿಸಿ ತಿದ್ದಿಸಿದ. ಮೂರನೆಯದನ್ನು ಓದಿ ಅವನ ಕಣ್ಣೇ ಒದ್ದೆಯಾಯಿತು; ಒಬ್ಬ ಮುದುಕ ತನ್ನ ಬೀದಿಯ ದೀಪದ ಬಗ್ಗೆ ಐದು ಪುಟ ಬರೆದಿದ್ದ. ಇಷ್ಟರಲ್ಲಿ ಸಾಲು ಬಾಗಿಲು ದಾಟಿ ಬೀದಿಗೆ ಇಳಿದಿತ್ತು.

“ಇದೇನು ಕಾದಂಬರಿ ಓದ್ತಿದೀರಾ?” ಎಂದ ಒಬ್ಬ.

“ಒತ್ತೋದಕ್ಕೆ ಇಷ್ಟು ಹೊತ್ತಾ? ಮೊದಲು ಒಬ್ಬರಿದ್ರು, ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಮುಗಿಸ್ತಿದ್ರು. ಅವರನ್ನೇ ಕರೀರಿ” ಎಂದ ಇನ್ನೊಬ್ಬ.

ಮೂರು ಗಂಟೆಗೆ ಕಿಟಕಿ ಮುಚ್ಚಬೇಕು. ಮೂರಕ್ಕೆ ಐದು ನಿಮಿಷವಿದ್ದಾಗ ಇಪ್ಪತ್ತು ಕೈಗಳು ಒಟ್ಟಿಗೆ ಕಿಟಕಿಯೊಳಗೆ ಬಂದವು. ಹಿಂದಿನ ಬಾಗಿಲಿಂದ ಮೂರನೇ ಮಹಡಿಯ ಜವಾನ ಬಂದು, “ಸಾರ್, ಇದಕ್ಕೂ ಒಂದು, ಬೇಗ, ಸೈಕಲ್ ಹೊರಗಿದೆ” ಎಂದು ಭುಜದ ಮೇಲಿಂದ ಕಾಗದ ಚಾಚಿದ. ಮೊಹರಪ್ಪನ ಆಣೆಗೆ ಅಷ್ಟು ತ್ರಾಣವಿರಲಿಲ್ಲ. ಕೈ ತನ್ನ ಹಳೆಯ ಲಯಕ್ಕೆ ಇಳಿಯಿತು. ಮೊಹರು, ನಂಬರು, ಮೀನು. ಮೊಹರು, ನಂಬರು, ಮೀನು. ಸರಿಯಾಗಿ ಮೂರಕ್ಕೆ ಕಿಟಕಿ ಮುಚ್ಚಿತು.

ಸಂಜೆ ಮನೆಗೆ ಬಂದಾಗ ಹೆಂಡತಿ ಪುಟ್ಟಿಯ ಜಡೆ ಬಿಚ್ಚುತ್ತಿದ್ದಳು. ಮಗಳು ಎಲ್ಲವನ್ನೂ ಹೇಳಿದ್ದಾಳೆ ಎಂದು ಹೆಂಡತಿಯ ಮುಖ ನೋಡಿದರೇ ತಿಳಿಯುತ್ತಿತ್ತು. ಆದರೆ ಅವಳು ಬೈಯಲಿಲ್ಲ. ನಗು ತಡೆದುಕೊಂಡಿದ್ದಳು.

“ಒಪ್ಕೊಂಡಿದ್ದಕ್ಕೆ ಸಂತೋಷ ಆಯ್ತು ಕಣ್ರಿ. ನೀವು ಇಂಥದಕ್ಕೆ ಹೂಂ ಅಂತೀರ ಅಂತ ನಾನು ಕನಸಲ್ಲೂ ಅಂದ್ಕೊಂಡಿರಲಿಲ್ಲ.”

“ಯಾವುದಕ್ಕೆ?”

ಪುಟ್ಟಿ ಡೈರಿಯೊಳಗಿಂದ ಒಂದು ಕಾಗದ ತೆಗೆದು ಕೊಟ್ಟಳು. “ಹೆಡ್‌ಮಿಸ್ಸು ಕೊಟ್ರು. ಶಾಲೆ ಬಿಡೋ ಹೊತ್ತಿಗೆ ಸೈಕಲ್ಲಲ್ಲಿ ಬಂತು.”

ಮೊಹರಪ್ಪ ಓದಿದ. ‘ಕಾಯಂ ಶಿಕ್ಷಕರು ಬರುವವರೆಗೆ ಪ್ರತಿದಿನ ಬೆಳಿಗ್ಗೆ ಹತ್ತರಿಂದ ಹನ್ನೊಂದು ಗಂಟೆಯವರೆಗೆ ಐದನೇ ತರಗತಿಗೆ ಗಣಿತ ಬೋಧಿಸಲು, ಮಗಳ ವಿದ್ಯಾಭ್ಯಾಸದಲ್ಲಿ ಅಪಾರ ಕಾಳಜಿ ತೋರಿದ ಟಪಾಲು ಗುಮಾಸ್ತರನ್ನು ನಿಯೋಜಿಸಲಾಗಿದೆ. ಸದರಿಯವರಿಗೆ ಒಪ್ಪಿಗೆ ಇಲ್ಲದಿದ್ದಲ್ಲಿ ಸಹಿ ಮಾಡದೆ ಹಿಂದಿರುಗಿಸತಕ್ಕದ್ದು.’

ಬಲಮೂಲೆಯಲ್ಲಿ ನೇರಳೆ ಮೊಹರು. ಕೆಳಗೆ, ಹಿಂದೆಂದೂ ಇಲ್ಲದಷ್ಟು ಲವಲವಿಕೆಯಿಂದ ಬಾಲ ಬಡಿಯುತ್ತಿದ್ದ ಮೀನು.

ಅವನು ಗೋಡೆಗೆ ಒರಗಿ ಕೂತ. “ನನಗೆ ಭಿನ್ನರಾಶಿ ಬರಲ್ಲ ಕಣೇ. ಆ ಕಾಲಕ್ಕೇ ಬರ್ತಿರಲಿಲ್ಲ. ನನಗೂ ಮೂರೇ ಬಂದಿತ್ತು, ನಮ್ಮಪ್ಪ ಹೆಬ್ಬೆಟ್ಟು ಒತ್ತಿದ್ರು.”

“ಹಾಗಾದ್ರೆ ನಾಳೆ ಹತ್ತು ಗಂಟೆಯೊಳಗೆ ಕಲೀರಿ” ಎಂದು ಹೆಂಡತಿ ಪುಸ್ತಕ ತಂದಿಟ್ಟಳು.

ಅಪ್ಪ ಮಗಳು ನೆಲದ ಮೇಲೆ ಎದುರುಬದುರು ಕೂತರು. ಅರ್ಧಕ್ಕೆ ಮೂರನೇ ಒಂದು. ಮೊಹರಪ್ಪ ಎಷ್ಟು ಸಲ ಕೂಡಿಸಿದರೂ ಐದನೇ ಎರಡೇ ಬಂತು. ಪುಟ್ಟಿಗೂ ಅದೇ ಬಂತು. ಪುಸ್ತಕದ ಕೊನೆಯಲ್ಲಿ ಉತ್ತರ ಆರನೇ ಐದು ಎಂದಿತ್ತು. ಈ ಆರು ಎಲ್ಲಿಂದ ಬಂತು ಎಂದು ಇಬ್ಬರೂ ತಲೆ ಕೆರೆದುಕೊಂಡರು. ಆರು, ಆರು ಎಂದು ಗೊಣಗುತ್ತಿದ್ದ ಮೊಹರಪ್ಪ ತಟ್ಟನೆ ನೆಟ್ಟಗೆ ಕೂತ.

“ಪುಟ್ಟಿ, ನನ್ನ ಗೂಡು ನೋಡಿದೀಯಲ್ಲ. ಆರು ಗೂಡು. ಅರ್ಧ ತುಂಬಿಸು ಅಂದ್ರೆ ಎಷ್ಟು?”

“ಮೂರು ಗೂಡು.”

“ಮೂರನೇ ಒಂದು ಅಂದ್ರೆ?”

ಪುಟ್ಟಿ ಬೆರಳು ಮಡಚಿದಳು. “ಎರಡು ಗೂಡು. ಒಟ್ಟು ಐದು. ಒಂದು ಖಾಲಿ.” ಅವಳ ಬಾಯಿ ಹಾಗೇ ತೆರೆದುಕೊಂಡಿತು. “ಆರರಲ್ಲಿ ಐದು. ಆರನೇ ಐದು ಅಂದ್ರೆ ಇದೇನಾ ಅಪ್ಪ? ಇಷ್ಟೇನಾ?”

ಅವಳು ಮುಂದಿನ ಲೆಕ್ಕಕ್ಕೆ ತಾನೇ ಗೂಡು ಬರೆದುಕೊಂಡಳು. ಅದೂ ಸರಿಯಾಯಿತು. ಎಂಟು ತಿಂಗಳು ಬಾಗಿಲು ಹಾಕಿದ್ದ ಮನೆಗೆ ದೀಪ ಹಚ್ಚಿದ ಹಾಗಿತ್ತು ಆ ಮುಖ. ಅದನ್ನು ನೋಡುತ್ತ ಮೊಹರಪ್ಪನಿಗೆ, ನಾಳೆಯ ಮೂವತ್ತೆರಡು ಮಕ್ಕಳ ಭಯವಿದ್ದರೂ, ಒಳಗೊಳಗೇ ಹಿಗ್ಗಾಯಿತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಟಿಕೆಟ್ ತಾತ ಬಾಗಿಲಲ್ಲಿ ನಿಂತರು, ಹಿಂದೆಯೇ ಎದುರುಮನೆ ಅಕ್ಕ. ಮೊಹರಪ್ಪ ಆದೇಶವನ್ನು ತೊಡೆಯ ಕೆಳಗೆ ಸರಿಸಿಕೊಂಡ.

“ಆ ಮನುಷ್ಯ ಸಿಕ್ಕಿದ್ನಾ?”

“ಸಿಕ್ಕಿದ ತಾತ.”

“ಶಿಕ್ಷೆ ಆಯ್ತಾ?”

“ಆಯ್ತು. ಬೇರೆ ಕಡೆ ಹಾಕಿದ್ರು.”

“ಭೇಷ್. ಎಲ್ಲಿಗೆ?”

“ನಮ್ಮ ಪುಟ್ಟಿ ಶಾಲೆಗೆ. ಐದನೇ ಕ್ಲಾಸಿಗೆ ಲೆಕ್ಕ ಹೇಳೋಕೆ.”

ತಾತನ ಕನ್ನಡಕ ಮೂಗಿನ ತುದಿಗೆ ಜಾರಿತು. “ಏನು, ಏಳು ಕಾಗದ ನುಂಗಿದವನನ್ನ ಮಕ್ಕಳ ಹತ್ತಿರ ಬಿಡ್ತಾರಾ? ಇದನ್ನ ಸುಮ್ಮನೆ ಬಿಡೋ ಹಾಗಿಲ್ಲ. ನಾಳೆ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಎಲ್ಲರೂ ಹೋಗಿ ಅವನನ್ನ ಕ್ಲಾಸಿನಿಂದ ಹೊರಗೆ ಕರೀಬೇಕು. ನೀವೇ ಮುಂದೆ ನಿಂತು ಮಾತಾಡಬೇಕು. ಬರ್ತೀರಿ ತಾನೇ?”

ಪುಟ್ಟಿ ಪುಸ್ತಕದೊಳಗೆ ಮುಖ ಹುದುಗಿಸಿದಳು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು.

“ನೀವು ನಿಧಾನವಾಗಿ ಬನ್ನಿ ತಾತ” ಎಂದ ಮೊಹರಪ್ಪ. “ಹತ್ತಕ್ಕೆ ನಾನು ಅಲ್ಲೇ ಇರ್ತೀನಿ.”